ವ್ಯಾಟ್ ಒಂದೇ ನೋಡಿದರೆ ಸಾಲದು: ಸಸಿ ಕೋಣೆಯ ಎಲ್‌ಇಡಿ ಬೋರ್ಡಿಗೆ ಡ್ರೈವರ್ ಆರಿಸುವ ಬಗೆ

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ, ರಾಯಲ್ಪಾಡು ಕಡೆಯ ರೈತರಿಗೆ ಬೋರ್‌ವೆಲ್ ಮೋಟರ್ ಆರಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿಗೆ ಹೋಗಿ ‘ಹತ್ತು ಎಚ್‌ಪಿ ಮೋಟರ್ ಕೊಡಿ’ ಎಂದಷ್ಟೇ ಕೇಳಿ ತರುವವರು ಇಲ್ಲಿ ಸಿಗುವುದಿಲ್ಲ. ಎಷ್ಟು ಅಡಿಗೆ ಇಳಿಸಬೇಕು, ಎಷ್ಟು ಸ್ಟೇಜಿನದು, ಎಷ್ಟು ಇಂಚು ನೀರು ಎತ್ತಬೇಕು ಎಂದೆಲ್ಲ ವಿಚಾರಿಸಿದ ಮೇಲೆಯೇ ದುಡ್ಡು ಎಣಿಸುತ್ತಾರೆ. ಅದೇ ರೈತ ಟೊಮೆಟೊ ಸಸಿ ಕೋಣೆಗೆ ಎಲ್‌ಇಡಿ ಗ್ರೋ ಲೈಟ್ ಬೋರ್ಡ್ ಹಾಕಲು ಹೊರಟಾಗ ಮಾತ್ರ ‘ನೂರು ವ್ಯಾಟಿನ ಬೋರ್ಡಿಗೆ ನೂರು ವ್ಯಾಟಿನ ಡ್ರೈವರ್ ಕೊಡಣ್ಣ’ ಎಂದುಬಿಡುತ್ತಾನೆ. ಅಂಗಡಿಯವನೂ ಕೊಟ್ಟುಬಿಡುತ್ತಾನೆ. ಬೋರ್ಡುಗಳು ಸುಟ್ಟುಹೋಗುವುದು, ಮಿಣುಕುವುದು, ಹತ್ತದೇ ಇರುವುದು ಬಹುಪಾಲು ಇಲ್ಲಿಂದಲೇ ಶುರು.

ಮೋಟರಿನ ಲೆಕ್ಕವೇ ಇಲ್ಲೂ ನಡೆಯುತ್ತದೆ. ವೋಲ್ಟ್ ಎಂದರೆ ನೀರು ಎತ್ತುವ ಹೆಡ್, ಆಂಪಿಯರ್ ಎಂದರೆ ಪೈಪಿನಲ್ಲಿ ಬರುವ ನೀರು, ಎರಡನ್ನೂ ಗುಣಿಸಿದರೆ ಬರುವ ವ್ಯಾಟ್ ಎಂದರೆ ಎಚ್‌ಪಿ. 20 ವೋಲ್ಟಿನಲ್ಲಿ 5 ಆಂಪಿಯರ್ ಕೊಡುವ ಡ್ರೈವರ್ ಕೂಡ ನೂರು ವ್ಯಾಟಿನದೇ, 100 ವೋಲ್ಟಿನಲ್ಲಿ 1 ಆಂಪಿಯರ್ ಕೊಡುವುದೂ ನೂರು ವ್ಯಾಟಿನದೇ. 50 ವೋಲ್ಟ್ ಬೇಡುವ ಬೋರ್ಡಿಗೆ ಮೊದಲನೆಯದನ್ನು ಜೋಡಿಸಿದರೆ ಬೆಳಕೇ ಬರುವುದಿಲ್ಲ. ಎರಡನೆಯದರ ಕೆಳಮಿತಿ 70 ವೋಲ್ಟ್ ಆಗಿದ್ದರೆ ಬೋರ್ಡ್ ಹತ್ತಿ ಆರಿ, ಹತ್ತಿ ಆರಿ ಮಿಣುಕುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಆಂಪಿಯರ್, ಆಮೇಲೆ ವೋಲ್ಟಿನ ಮೇಲ್ಮಿತಿ ಮತ್ತು ಕೆಳಮಿತಿ. ವ್ಯಾಟ್ ಕಟ್ಟಕಡೆಗೆ ತಾಳೆ ನೋಡುವುದಕ್ಕೆ ಮಾತ್ರ.

ಬೆಳಕು ಎಲ್ಲಿಗೆ ಬೇಕು, ಎಲ್ಲಿಗೆ ಬೇಡ

ಡ್ರೈವರಿನ ಮಾತಿಗೆ ಮುಂಚೆ ಒಂದು ಮಾತು ನೇರವಾಗಿ ಹೇಳಬೇಕು. ಕೋಲಾರ ಜಿಲ್ಲೆಯಲ್ಲಿ ಶೇಡ್ ನೆಟ್ ಅಥವಾ ಪಾಲಿಹೌಸ್ ಕೆಳಗೆ ಪ್ರೋಟ್ರೇಯಲ್ಲಿ ಸಸಿ ಬೆಳೆಸುವವರಿಗೆ ಗ್ರೋ ಲೈಟ್ ಬೇಕಾಗಿಲ್ಲ. ಮೋಡವಿಲ್ಲದ ಮಧ್ಯಾಹ್ನ ನಮ್ಮಲ್ಲಿ ಬೀಳುವ ಬಿಸಿಲು, ಗಿಡಗಳ ಅಳತೆಯಲ್ಲಿ ಹೇಳುವುದಾದರೆ, ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್. ಟೊಮೆಟೊ ಸಸಿಗೆ ದಿನಕ್ಕೆ 14ರಿಂದ 16 ಗಂಟೆ ಕಾಲ 150ರಿಂದ 250 ಮೈಕ್ರೋಮೋಲ್ ಸಿಕ್ಕರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ನೆಟ್ಟಿನಿಂದ ಅರ್ಧ ಬಿಸಿಲು ತಡೆದರೂ ಮಿಕ್ಕಿದ್ದು ಧಾರಾಳ. ಅಂಥ ನರ್ಸರಿಗೆ ದೀಪ ಮಾರಲು ಬಂದವರನ್ನು ನಮಸ್ಕಾರ ಹೇಳಿ ಕಳಿಸಬಹುದು. ಆ ದುಡ್ಡು ಕೀಟ ತಡೆಯುವ ಬಲೆಗೆ ಹೋದರೆ ಫಲ ಹೆಚ್ಚು.

ಸೇವಂತಿಗೆ ತೋಟದ ದೀಪಗಳನ್ನು ನೋಡಿ ‘ಅವರೂ ಹಾಕಿದ್ದಾರಲ್ಲ’ ಎನ್ನುವವರಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ರಾತ್ರಿ ಹೊತ್ತು ಸಾಲು ಸಾಲು ಬಲ್ಬ್ ಉರಿಯುವ ಆ ತೋಟಗಳ ಉದ್ದೇಶವೇ ಬೇರೆ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ. ರಾತ್ರಿಯನ್ನು ನಡುವೆ ತುಸು ಬೆಳಕಿನಿಂದ ಕತ್ತರಿಸಿದರೆ ಹೂವು ಮುಂದಕ್ಕೆ ಹೋಗುತ್ತದೆ, ಗಿಡ ಎತ್ತರ ಬೆಳೆಯುತ್ತದೆ. ಅಲ್ಲಿ ಬೆಳಕು ಗಿಡಕ್ಕೆ ಆಹಾರವಲ್ಲ, ಬರೀ ಸೂಚನೆ. ಅದಕ್ಕೆ ಮನೆಗೆ ಹಾಕುವ ಸಾಮಾನ್ಯ ಎಲ್‌ಇಡಿ ಬಲ್ಬೇ ಸಾಕು, ಡ್ರೈವರ್ ಬಲ್ಬಿನೊಳಗೇ ಇರುತ್ತದೆ.

ಗ್ರೋ ಲೈಟ್ ನಿಜಕ್ಕೂ ಬೇಕಾಗುವುದು ಬಿಸಿಲು ಬೀಳದ ಕೋಣೆಗಳಲ್ಲಿ. ಸೊರಗು ರೋಗದ ಕಾಟಕ್ಕೆ ಬದನೆ ಬುಡದ ಮೇಲೆ ಟೊಮೆಟೊ ಕುಡಿ ಕೂಡಿಸುವ ಕಸಿ ಸಸಿ ಮಾಡುವವರಿಗೆ ಇದು ಮುಖ್ಯ. ಕಸಿ ಮಾಡಿದ ಸಸಿಯನ್ನು ಕೆಲವು ದಿನ ಹೊರಗಿನ ಬಿಸಿಲು ಗಾಳಿಗೆ ಒಡ್ಡದೆ, ತೇವ ತುಂಬಿದ ಕೋಣೆಯಲ್ಲಿ ಇಡಬೇಕು. ಮೊದಲ ಒಂದೆರಡು ದಿನ ಹೆಚ್ಚುಕಡಿಮೆ ಕತ್ತಲು, ಆಮೇಲೆ ಮೆಲ್ಲಗೆ ಬೆಳಕು, ಗಾಯ ಕೂಡಿದ ಮೇಲೆ ಇನ್ನೂ ಹೆಚ್ಚು. ಹೀಗೆ ಬೇಕಾದಷ್ಟೇ ಏರಿಸಿಕೊಂಡು ಹೋಗುವ ಕೆಲಸ ಬಿಸಿಲಿನ ಕೈಲಿ ಆಗುವುದಿಲ್ಲ. ಬಾಳೆಯ ಅಂಗಾಂಶ ಕೃಷಿ ಲ್ಯಾಬ್‌ಗಳು, ಬೆಂಗಳೂರಿನ ಮನೆಗಳ ಒಳಗೆ ಸೊಪ್ಪು ಬೆಳೆಯುವವರು ಇದೇ ಸಾಲಿಗೆ ಸೇರುತ್ತಾರೆ. ಕಸಿಯ ಕೆಲಸ ಹೊಸದಾಗಿ ಶುರು ಮಾಡುವವರು ಕೋಲಾರದ ಟಮಕದಲ್ಲಿರುವ ತೋಟಗಾರಿಕೆ ಮಹಾವಿದ್ಯಾಲಯವನ್ನೋ ಕೃಷಿ ವಿಜ್ಞಾನ ಕೇಂದ್ರವನ್ನೋ ಮೊದಲು ಕಂಡು ಬರುವುದು ಒಳ್ಳೆಯದು. ಕಸಿ ಸರಿಯಾಗಿ ಕೂಡದಿದ್ದರೆ ಎಂಥ ದೀಪವೂ ಅದನ್ನು ಉಳಿಸದು.

ಒಂದು ರ‍್ಯಾಕಿನ ಲೆಕ್ಕ

ನಾಲ್ಕಡಿ ಉದ್ದ, ಎರಡಡಿ ಅಗಲದ ರ‍್ಯಾಕಿನ ಒಂದು ತಟ್ಟನ್ನು ತೆಗೆದುಕೊಳ್ಳೋಣ. 98 ಗುಳಿಯ ನಾಲ್ಕು ಪ್ರೋಟ್ರೇ ಅದರಲ್ಲಿ ಕೂರುತ್ತವೆ. ಅಂದರೆ 392 ಸಸಿ. ಜಾಗ ಸುಮಾರು 0.72 ಚದರ ಮೀಟರ್. ಅಲ್ಲಿ 150 ಮೈಕ್ರೋಮೋಲ್ ಬೆಳಕು ಬೀಳಬೇಕಾದರೆ 150ನ್ನು 0.72ರಿಂದ ಗುಣಿಸಿ, 108. ಬದಿಗೆ ಚೆಲ್ಲಿ ಹೋಗುವ ಬೆಳಕಿಗೆಂದು ಒಂದಿಷ್ಟು ಸೇರಿಸಿದರೆ 135 ಮೈಕ್ರೋಮೋಲ್. ಒಳ್ಳೆಯ ಬಿಳಿ ಬೋರ್ಡ್ ಒಂದು ವ್ಯಾಟಿಗೆ ಸುಮಾರು 2.5 ಮೈಕ್ರೋಮೋಲ್ ಕೊಡುತ್ತದೆ. ಭಾಗಿಸಿದರೆ 54 ವ್ಯಾಟ್. ಒಂದು ತಟ್ಟಿಗೆ 50ರಿಂದ 55 ವ್ಯಾಟ್, ನಾಲ್ಕು ತಟ್ಟಿಗೆ 200ರಿಂದ 220 ವ್ಯಾಟ್ ಎಂದು ಇಟ್ಟುಕೊಂಡರೆ ಆಯಿತು.

ಈ ವ್ಯಾಟ್ ಎಂದರೆ ಬೋರ್ಡ್ ನಿಜವಾಗಿ ಎಳೆಯುವ ವ್ಯಾಟ್. ಆನ್‌ಲೈನಿನಲ್ಲಿ ‘1000 ವ್ಯಾಟ್’ ಎಂದು ಬರೆದ ಬೋರ್ಡ್ ನೂರು ವ್ಯಾಟ್ ಎಳೆಯುವುದು ಮಾಮೂಲಿ. ಹಳೆಯ ದೀಪಗಳಿಗೆ ಅದು ‘ಸಮಾನ’ ಎಂಬ ಲೆಕ್ಕ ಹಾಕಿ ಆ ಸಂಖ್ಯೆ ಬರೆಯುತ್ತಾರೆ. ಆ ಸಂಖ್ಯೆಯನ್ನು ನಂಬಿ ಡ್ರೈವರ್ ಕೊಂಡರೆ ಎಲ್ಲವೂ ತಲೆಕೆಳಗು.

ಬೋರ್ಡಿನ ಜಾತಕ

ಬಿಳಿ ಎಲ್‌ಇಡಿ ಮೂಲದಲ್ಲಿ ನೀಲಿ ಎಲ್‌ಇಡಿಯೇ. ಕೆಂಪು ಬೆಳಕಿನ ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರೂ ಪ್ರಖರವಾದ ನೀಲಿ ಬರಲು ಮೂವತ್ತು ವರ್ಷ ಕಾಯಬೇಕಾಯಿತು. ಆ ನೀಲಿಗಾಗಿಯೇ ಇಸಾಮು ಅಕಸಾಕಿ, ಹಿರೋಶಿ ಅಮಾನೋ, ಶುಜಿ ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ ಹಚ್ಚಿದರೆ ಬಿಳಿ ಬೆಳಕು. ಇಂಥ ಒಂದು ಚುಕ್ಕಿಗೆ ಹಿತವಾದ ಕರೆಂಟಿನಲ್ಲಿ ಸುಮಾರು 2.75 ವೋಲ್ಟ್ ಬೇಕು.

ಗ್ರೋ ಬೋರ್ಡುಗಳಲ್ಲಿ ಬಹಳ ಹೆಸರು ಮಾಡಿದ ಒಂದು ವಿನ್ಯಾಸದಲ್ಲಿ 288 ಚುಕ್ಕಿಗಳಿರುತ್ತವೆ. ಹದಿನೆಂಟು ಚುಕ್ಕಿಗಳು ಸೀರೀಸಿನಲ್ಲಿ ಒಂದು ಸರ, ಅಂಥ ಹದಿನಾರು ಸರಗಳು ಪ್ಯಾರಲಲ್‌ನಲ್ಲಿ. 18ನ್ನು 2.75ರಿಂದ ಗುಣಿಸಿದರೆ 49.5 ವೋಲ್ಟ್. ಪ್ರತಿ ಚುಕ್ಕಿಗೆ 65 ಮಿಲಿ ಆಂಪಿಯರ್ ಹರಿಸಿದರೆ ಹದಿನಾರು ಸರಕ್ಕೆ 1.04 ಆಂಪಿಯರ್. ಬೋರ್ಡ್ ಎಳೆಯುವುದು ಸುಮಾರು 51 ವ್ಯಾಟ್. ನಮ್ಮ ಒಂದು ತಟ್ಟಿಗೆ ಬೇಕಾದದ್ದು ಸರಿಸುಮಾರು ಇಷ್ಟೇ. ಅದೇ ಬೋರ್ಡಿಗೆ 2 ಆಂಪಿಯರ್ ಹರಿಸಿದರೂ ಅದು ತಡೆಯುತ್ತದೆ, ಬೆಳಕೂ ಹೆಚ್ಚುತ್ತದೆ. ಆದರೆ ಬಿಸಿ ಏರುತ್ತದೆ, ವ್ಯಾಟಿಗೆ ಸಿಗುವ ಬೆಳಕು ಇಳಿಯುತ್ತದೆ. ಗರಿಷ್ಠಕ್ಕಿಂತ ಸಾಕಷ್ಟು ಕೆಳಗೆ ಓಡಿಸುವುದು ಬಾಳಿಕೆಗೂ ಬಿಲ್ಲಿಗೂ ಒಳ್ಳೆಯದು.

ಬೋರ್ಡಿನಲ್ಲಿ ಗಾಢ ಕೆಂಪು ಚುಕ್ಕಿಗಳೂ ಬೆರೆತಿದ್ದರೆ ಈ ಗುಣಾಕಾರ ನಡೆಯುವುದಿಲ್ಲ. ಕೆಂಪು ಚುಕ್ಕಿಗೆ ಎರಡು ವೋಲ್ಟಿನ ಆಸುಪಾಸು ಸಾಕು. ಹಾಗಾಗಿ ಡೇಟಾ ಶೀಟ್ ಕೇಳಿ ಪಡೆಯಿರಿ. ಎಷ್ಟು ಕರೆಂಟಿಗೆ ಎಷ್ಟು ವೋಲ್ಟ್, ಗರಿಷ್ಠ ಕರೆಂಟ್ ಎಷ್ಟು ಎಂಬ ಎರಡೇ ಸಾಲು ಸಾಕು. ಅದನ್ನು ಕೊಡಲಾರದ ವ್ಯಾಪಾರಿಯ ಬೋರ್ಡ್ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಡ್ರೈವರೇ ಬೇಡ, ನೇರ 220 ವೋಲ್ಟಿಗೆ ಹಾಕಿ ಎಂದು ಮಾರುವ ಬೋರ್ಡುಗಳೂ ಚಿಪ್ಪುಗಳೂ ಇವೆ. ಅವುಗಳಲ್ಲಿ ಲೈನಿನ ಕರೆಂಟು ಬೋರ್ಡಿನ ಮೇಲ್ಮೈಗೇ ಬಂದು ಕೂತಿರುತ್ತದೆ. ಒಣ ಗೋದಾಮಿನಲ್ಲಿ ಎತ್ತರಕ್ಕೆ ನೇತುಹಾಕಿದ್ದರೆ ಮಾತು ಬೇರೆ. ಗೋಡೆಯಿಂದ ನೀರು ಇಳಿಯುವ, ಒದ್ದೆ ಕೈಯಲ್ಲಿ ಹೆಂಗಸರು ಮಕ್ಕಳು ಓಡಾಡಿ ಟ್ರೇ ಎತ್ತಿಡುವ ಕಸಿ ಕೋಣೆಗೆ ಅವನ್ನು ತರಲೇಕೂಡದು. ಜೀವಕ್ಕೆ ಅಪಾಯ.

ಕರೆಂಟ್ ಕಟ್ಟಿಹಾಕುವ ಡ್ರೈವರ್ ಏಕೆ

ಸೈನ್ ಬೋರ್ಡಿನವರು ಬಳಸುವ 12 ವೋಲ್ಟ್, 24 ವೋಲ್ಟ್ ಎಸ್‌ಎಂಪಿಎಸ್ ಎಲ್ಲ ಊರಲ್ಲೂ ಸಿಗುತ್ತವೆ. ಅವು ವೋಲ್ಟನ್ನು ಮಾತ್ರ ಒಂದೇ ಮಟ್ಟದಲ್ಲಿ ಹಿಡಿಯುತ್ತವೆ, ಕರೆಂಟನ್ನು ಎಳೆದವರಿಗೆ ಎಳೆದಷ್ಟು ಬಿಡುತ್ತವೆ. ಎಲ್‌ಇಡಿ ಪಟ್ಟಿಗಳಲ್ಲಿ ಕರೆಂಟು ತಡೆಯುವ ರೆಸಿಸ್ಟರ್ ಪಟ್ಟಿಯಲ್ಲೇ ಇರುವುದರಿಂದ ಅಲ್ಲಿ ನಡೆಯುತ್ತದೆ. ಗ್ರೋ ಬೋರ್ಡಿನಲ್ಲಿ ಆ ತಡೆ ಇರುವುದಿಲ್ಲ. 2.75 ವೋಲ್ಟಿನಲ್ಲಿ 65 ಮಿಲಿ ಆಂಪಿಯರ್ ಎಳೆಯುವ ಚುಕ್ಕಿಗೆ ಕಾಲು ವೋಲ್ಟ್ ಹೆಚ್ಚು ಕೊಟ್ಟರೆ ಕರೆಂಟ್ ಸುಮಾರು ಮೂರು ಪಟ್ಟಾಗುತ್ತದೆ. ಸಾಲದ್ದಕ್ಕೆ, ಬಿಸಿಯಾದಂತೆ ಅದೇ ಕರೆಂಟಿಗೆ ಬೇಕಾಗುವ ವೋಲ್ಟ್ ಇಳಿಯುತ್ತದೆ. ವೋಲ್ಟನ್ನು ಇಳಿಸದೆ ಹಾಗೇ ಹಿಡಿದರೆ ಕರೆಂಟ್ ಏರುತ್ತದೆ, ಏರಿದ್ದಕ್ಕೆ ಇನ್ನಷ್ಟು ಬಿಸಿ, ಬಿಸಿಗೆ ಇನ್ನಷ್ಟು ಕರೆಂಟ್. ಕೊನೆಗೆ ಒಂದು ಸರ ಸುಡುತ್ತದೆ.

ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಇದಕ್ಕೆ ಮದ್ದು. ಅದು ಆಂಪಿಯರನ್ನು ಕಟ್ಟಿಹಾಕಿ, ಬೋರ್ಡ್ ಕೇಳಿದಷ್ಟು ವೋಲ್ಟನ್ನು ತನ್ನ ಮಿತಿಯೊಳಗೆ ತಾನೇ ಹೊಂದಿಸಿಕೊಳ್ಳುತ್ತದೆ. ಲೇಬಲ್ಲಿನ ಮೇಲೆ ‘2100 ಮಿಲಿ ಆಂಪಿಯರ್, 59–119 ವೋಲ್ಟ್’ ಎಂಬಂತೆ ಬರೆದಿರುತ್ತದೆ. ಇನ್ನೊಂದು ಬಗೆಯ ಡ್ರೈವರ್ ಎರಡೂ ಕೆಲಸ ಮಾಡುತ್ತದೆ: ‘54 ವೋಲ್ಟ್, 4.45 ಆಂಪಿಯರ್’ ಎಂದು ಬರೆದು, ಕರೆಂಟ್ ಕಟ್ಟಿಹಿಡಿಯುವ ವಲಯ 27–54 ವೋಲ್ಟ್ ಎಂದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಕೊಟ್ಟಿರುತ್ತದೆ. ಆ ಸಣ್ಣಕ್ಷರವೇ ನಿಮಗೆ ಬೇಕಾದದ್ದು.

ನಾಲ್ಕು ಬೋರ್ಡ್, ಮೂರು ಜೋಡಣೆ

ತಟ್ಟಿಗೊಂದರಂತೆ ನಾಲ್ಕು ಬೋರ್ಡ್, ಒಂದೊಂದೂ 49.5 ವೋಲ್ಟ್, 1.05 ಆಂಪಿಯರ್. ಒಟ್ಟು 208 ವ್ಯಾಟ್. ತೈವಾನಿನ ಮೀನ್‌ವೆಲ್ ಕಂಪನಿಯ ಎಚ್‌ಎಲ್‌ಜಿ-240ಎಚ್ ಸರಣಿ ಗ್ರೋ ಲೈಟ್ ಕಟ್ಟುವವರಲ್ಲಿ ಬಹಳ ಬಳಕೆಯಲ್ಲಿರುವುದರಿಂದ ಅದರ ಮಾದರಿಗಳನ್ನೇ ಉದಾಹರಣೆಗೆ ಹಿಡಿಯುತ್ತೇನೆ. ಬೇರೆ ಕಂಪನಿಯದಾದರೂ ಲೆಕ್ಕ ಬದಲಾಗುವುದಿಲ್ಲ.

ನಾಲ್ಕನ್ನೂ ಸೀರೀಸಿನಲ್ಲಿ, ಅಂದರೆ ಒಂದರ ಮೈನಸ್ಸಿನಿಂದ ಮುಂದಿನದರ ಪ್ಲಸ್ಸಿಗೆ ಕೊಟ್ಟರೆ ಕರೆಂಟ್ ಅದೇ 1.05 ಆಂಪಿಯರ್, ವೋಲ್ಟ್ ಕೂಡಿ 198 ಆಗುತ್ತದೆ. 1050 ಮಿಲಿ ಆಂಪಿಯರ್, 119–238 ವೋಲ್ಟಿನ ಮಾದರಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಎಲ್ಲ ಬೋರ್ಡಿಗೂ ಒಂದೇ ಕರೆಂಟು, ಹೆಚ್ಚುಕಡಿಮೆ ಎಂಬುದೇ ಇಲ್ಲ. ವಿದ್ಯುತ್ತಿನ ದೃಷ್ಟಿಯಿಂದ ಇದಕ್ಕಿಂತ ಚೊಕ್ಕ ಜೋಡಣೆ ಇಲ್ಲ. ಆದರೂ ಕಸಿ ಕೋಣೆಗೆ ನಾನು ಇದನ್ನು ಒಪ್ಪುವುದಿಲ್ಲ. 198 ವೋಲ್ಟ್ ಡಿಸಿ ಒದ್ದೆ ಕೈಗೆ ತಗುಲಿದರೆ ಬದುಕಿ ಉಳಿಯುವುದು ಅದೃಷ್ಟದ ಮಾತು.

ಎರಡೆರಡು ಸೀರೀಸಿನಲ್ಲಿ ಕಟ್ಟಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿದರೆ 99 ವೋಲ್ಟ್, 2.1 ಆಂಪಿಯರ್. 2100 ಮಿಲಿ ಆಂಪಿಯರಿನ, 59–119 ವೋಲ್ಟಿನ ಡ್ರೈವರ್ ಹೊಂದುತ್ತದೆ. ಒಣಗಿದ, ಬೀಗ ಹಾಕುವ ಕೋಣೆಗೆ ನಡೆದೀತು.

ನಾಲ್ಕನ್ನೂ ಪ್ಯಾರಲಲ್ ಮಾಡಿದರೆ 49.5 ವೋಲ್ಟ್, 4.2 ಆಂಪಿಯರ್. 60 ವೋಲ್ಟಿನ ಕೆಳಗೇ ಇರುವುದರಿಂದ ತೇವದ ಕೋಣೆಗೆ ಇದೇ ವಾಸಿ. 54 ವೋಲ್ಟ್, 4.45 ಆಂಪಿಯರಿನ ಮಾದರಿ ಇಲ್ಲಿ ಕೂರುತ್ತದೆ. ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ‘ಬೋರ್ಡು ಐವತ್ತು ವೋಲ್ಟ್ ಹತ್ತಿರ ಇದೆ, 48 ವೋಲ್ಟಿನದೇ ಸಿಕ್ಕಿತು, ಒಂದೂವರೆ ವೋಲ್ಟಿಗೇನಾಯಿತು’ ಎಂದು ತಂದುಬಿಡುತ್ತಾರೆ. 48 ವೋಲ್ಟ್ ಹದಿನೆಂಟು ಚುಕ್ಕಿಗೆ ಹಂಚಿದರೆ ಒಂದಕ್ಕೆ ಸಿಗುವುದು 2.67. ಬೋರ್ಡ್ ಹತ್ತುತ್ತದೆ, ಕಣ್ಣಿಗೆ ಬೆಳಗಿದಂತೆಯೇ ಕಾಣುತ್ತದೆ. ಕರೆಂಟ್ ಮಾತ್ರ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಸಸಿಗಳು ಸೊಣಕಲಾಗಿ ಉದ್ದ ಎಳೆದುಕೊಂಡ ಮೇಲೆ ‘ಬೋರ್ಡು ಸರಿಯಿಲ್ಲ’ ಎಂದು ಬೋರ್ಡನ್ನು ಬೈಯುತ್ತಾರೆ. ಡ್ರೈವರಿನ ಮೇಲ್ಮಿತಿ ಬೋರ್ಡಿನ ವೋಲ್ಟಿಗಿಂತ ಮೂರು ನಾಲ್ಕು ವೋಲ್ಟ್ ಮೇಲಿರಲಿ. ಚಳಿಗಾಲದ ಬೆಳಗಿನ ಜಾವ ಬೋರ್ಡ್ ತಣ್ಣಗಿರುವಾಗ ಅದು ಇನ್ನೂ ಒಂದು ವೋಲ್ಟ್ ಹೆಚ್ಚು ಕೇಳುತ್ತದೆ, ವೈರಿನಲ್ಲಿ ಕಳೆಯುವುದು ಬೇರೆ.

ಪ್ಯಾರಲಲ್ ಜೋಡಣೆಗೆ ಒಂದು ಕುತ್ತಿದೆ, ಅದನ್ನು ಗಮನವಿಟ್ಟು ಓದಿ. ಡ್ರೈವರ್ 4.45 ಆಂಪಿಯರನ್ನು ಹೊರಹಾಕಿಯೇ ತೀರುತ್ತದೆ. ಒಂದು ಬೋರ್ಡಿನ ವೈರು ಕಳಚಿಕೊಂಡರೆ ಅದರ ಪಾಲು ಮಿಕ್ಕ ಮೂರಕ್ಕೆ ಹೋಗುತ್ತದೆ, ಒಂದೊಂದಕ್ಕೆ 1.48. ಎರಡು ಕಳಚಿದರೆ ಮಿಕ್ಕ ಎರಡಕ್ಕೆ ತಲಾ 2.2. ಮೂರು ಕಳಚಿದರೆ ಉಳಿದ ಒಂದೇ ಬೋರ್ಡಿಗೆ ಪೂರಾ 4.45 ನುಗ್ಗಿ ಅದು ಸುಟ್ಟುಹೋಗುತ್ತದೆ. ಟ್ರೇ ತೊಳೆಯುವಾಗ ‘ಮೇಲಿನ ಮೂರು ತಟ್ಟು ಆರಿಸೋಣ’ ಎಂದು ಬೋರ್ಡಿನ ಪಿನ್ ಕೀಳುವವರು ಇದನ್ನೇ ಮಾಡುತ್ತಾರೆ. ಆದ್ದರಿಂದ ಪ್ರತಿ ಬೋರ್ಡಿನ ಪ್ಲಸ್ ವೈರಿಗೆ ಡಿಸಿಗೆ ಹೊಂದುವ 2 ಆಂಪಿಯರಿನ ಒಂದು ಫ್ಯೂಸ್ ಹಾಕಿ. ಫ್ಯೂಸಿನ ಖರ್ಚು ಒಂದು ಬೋರ್ಡಿನ ಬೆಲೆಯ ಮುಂದೆ ಏನೂ ಅಲ್ಲ. ತಟ್ಟುಗಳನ್ನು ಬೇರೆ ಬೇರೆ ಸಮಯಕ್ಕೆ ಆರಿಸುವ ಅಗತ್ಯವೇ ಇದ್ದರೆ ತಟ್ಟಿಗೊಂದು 60 ವ್ಯಾಟಿನ ಸಣ್ಣ ಡ್ರೈವರ್ ಹಾಕುವುದು ಸರಿಯಾದ ದಾರಿ. ಒಂದು ಕೆಟ್ಟರೆ ಮೂರು ಉರಿಯುತ್ತವೆ ಎಂಬ ಧೈರ್ಯವೂ ಇರುತ್ತದೆ. ಪ್ಯಾರಲಲ್‌ನಲ್ಲಿ ಕಟ್ಟುವ ಬೋರ್ಡುಗಳು ಒಂದೇ ಕಂಪನಿಯ ಒಂದೇ ಮಾದರಿಯವಾಗಿರಬೇಕು. 18 ಚುಕ್ಕಿ ಸರದ ಬೋರ್ಡಿನ ಪಕ್ಕ 16 ಚುಕ್ಕಿ ಸರದ್ದನ್ನು ಕಟ್ಟಿದರೆ ಕರೆಂಟೆಲ್ಲ ಎರಡನೆಯದಕ್ಕೇ ಹೋಗುತ್ತದೆ.

ಮಂಕು ಮಾಡುವ ಸೌಲಭ್ಯವನ್ನು ಕೊಳ್ಳುವಾಗಲೇ ನೋಡಿಕೊಳ್ಳಿ, ಕಸಿ ಕೋಣೆಗೆ ಅದು ಬೇಕೇಬೇಕು. ಮೀನ್‌ವೆಲ್ ಮಾದರಿಗಳಲ್ಲಿ ಹೆಸರಿನ ಕೊನೆಗೆ ‘ಎ’ ಎಂದಿದ್ದರೆ ಮೈಮೇಲಿನ ರಬ್ಬರ್ ಮುಚ್ಚಳ ತೆಗೆದು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಬೇಕು. ‘ಬಿ’ ಎಂದಿದ್ದರೆ ಪ್ರತ್ಯೇಕ ಎರಡು ವೈರು ಹೊರಬಂದಿರುತ್ತವೆ. ಅದಕ್ಕೊಂದು 100 ಕಿಲೋ ಓಮ್ ಗುಂಡಿ ಕಟ್ಟಿಕೊಂಡರೆ ಫ್ಯಾನ್ ರೆಗ್ಯುಲೇಟರ್ ತಿರುಗಿಸಿದ ಹಾಗೆ ಬೆಳಕು ಏರಿಳಿಸಬಹುದು. ದಿನವೂ ಬೆಳಕು ಬದಲಿಸುವ ಕಸಿಯವರಿಗೆ ‘ಬಿ’ ಸರಿ, ಒಮ್ಮೆ ಹೊಂದಿಸಿ ಬಿಟ್ಟುಬಿಡುವ ಸೊಪ್ಪಿನವರಿಗೆ ‘ಎ’ ಸಾಕು.

ವೈರು, ತೇವ, ಕೆಜಿಎಫ್ ಲೈನು

ಡ್ರೈವರನ್ನು ತೇವದ ಕೋಣೆಯ ಒಳಗೆ ಇಡಬೇಡಿ. ಹೊರಗೋಡೆಗೆ, ನೆರಳಿನಲ್ಲಿ, ಗಾಳಿ ಆಡುವಂತೆ ಸ್ಕ್ರೂ ಹಾಕಿ ಕೂರಿಸಿ. ಒಳಗಿನ ಸೆಕೆಯೂ ಕಡಿಮೆಯಾಗುತ್ತದೆ. 230 ವೋಲ್ಟಿನ ಲೈನು ಕೋಣೆಯೊಳಗೆ ಕಾಲಿಡುವುದೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಲಾಭ. ಡ್ರೈವರಿನ ಮೈಮೇಲೆ ಒಂದು ಚುಕ್ಕಿ ಇಟ್ಟು ‘ಟಿಸಿ’ ಎಂದು ಬರೆದಿರುತ್ತಾರೆ. ಅಲ್ಲಿಯ ಬಿಸಿ ಲೇಬಲ್ ಹೇಳಿದ ಮಿತಿ ಮೀರಬಾರದು. ಒಳಗಿನ ಕೆಪಾಸಿಟರುಗಳ ಆಯಸ್ಸು ಬಿಸಿ ಹತ್ತು ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ಹಳೆಯ ಲೆಕ್ಕ. ನಮ್ಮ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೀಟಿನ ಕೆಳಗೆ ಡ್ರೈವರ್ ಕಟ್ಟಿ, ಮೇಲೆ ಗೋಣಿಚೀಲ ಹೊದಿಸುವುದು ಅದರ ಆಯಸ್ಸನ್ನು ನಮ್ಮ ಕೈಯಾರೆ ತೆಗೆದ ಹಾಗೆ. 240 ವ್ಯಾಟಿನ ಡ್ರೈವರಿಗೆ 208 ವ್ಯಾಟಿನ ಹೊರೆ ಎಂದರೆ ಶೇಕಡಾ 87. ಇದಕ್ಕಿಂತ ಬಿಗಿ ಮಾಡದಿರುವುದು ಒಳ್ಳೆಯದು.

ಡ್ರೈವರ್ ಹೊರಗಿದ್ದರೆ ವೈರು ಉದ್ದವಾಗುತ್ತದೆ. 1.5 ಚದರ ಮಿ.ಮೀ. ತಾಮ್ರದ ವೈರು ಕಿಲೋಮೀಟರಿಗೆ ಸುಮಾರು 12 ಓಮ್ ತಡೆಯುತ್ತದೆ. ಹತ್ತು ಮೀಟರ್ ದೂರ ಎಂದರೆ ಹೋಗಿ ಬರಲು ಇಪ್ಪತ್ತು ಮೀಟರ್, 0.24 ಓಮ್. 4.2 ಆಂಪಿಯರಿಗೆ ಒಂದು ವೋಲ್ಟ್ ಅಲ್ಲೇ ಕಳೆದುಹೋಯಿತು. 54 ವೋಲ್ಟಿನ ಡ್ರೈವರಿಗೆ ಇದು ಲೆಕ್ಕಕ್ಕಿಲ್ಲ. 50 ವೋಲ್ಟಿನದಾಗಿದ್ದರೆ ಇಕ್ಕಟ್ಟು. ದೂರ ಇನ್ನೂ ಹೆಚ್ಚಿದ್ದರೆ 2.5 ಚದರ ಮಿ.ಮೀ. ವೈರು ಎಳೆಯಿರಿ. ಕರೆಂಟ್ ಕಡಿಮೆ ಮಾಡಿ ವೋಲ್ಟ್ ಹೆಚ್ಚಿಸಿದರೆ ವೈರಿನ ನಷ್ಟ ಇಳಿಯುತ್ತದೆ ಎಂಬ ಇದೇ ಸೂತ್ರದ ಮೇಲೆಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪಗಳಿಗೆ ಆ ಭಾಗ್ಯ ಬಂದದ್ದು 1905ರಲ್ಲಿ. ನಮ್ಮ ಜಿಲ್ಲೆಯ ಗಣಿ ರಾಜಧಾನಿಗಿಂತ ಮೊದಲು ವಿದ್ಯುತ್ ಕಂಡಿತು ಎಂಬುದು ನೆನೆದಾಗಲೆಲ್ಲ ಸಂತೋಷ ಕೊಡುವ ಸಂಗತಿ. ಆದರೆ ಅವರ ತಂತಿ ಕಂಬದ ಮೇಲಿತ್ತು, ನಮ್ಮದು ಟ್ರೇ ಎತ್ತುವ ಕೈಯ ಪಕ್ಕದಲ್ಲಿದೆ. ಹಾಗಾಗಿ ಕೋಣೆಯೊಳಗೆ ನಷ್ಟ ತುಸು ಹೆಚ್ಚಾದರೂ ಕಡಿಮೆ ವೋಲ್ಟೇ ಇರಲಿ.

ಹಳ್ಳಿಯ ಲೈನಿಗೆ ತಕ್ಕ ಡ್ರೈವರ್

ಲೈನಿನ ಕೊನೆಯ ಊರುಗಳಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುವುದು, ಸುತ್ತಲಿನ ಪಂಪ್‌ಸೆಟ್‌ಗಳು ಒಮ್ಮೆಗೇ ನಿಂತಾಗ ಮೇಲಕ್ಕೆ ಹಾರುವುದು ಎಲ್ಲರಿಗೂ ಗೊತ್ತು. ಒಳಬರುವ ವೋಲ್ಟ್ 90ರಿಂದ 305ರವರೆಗೆ ಎಂದು ಬರೆದ ಡ್ರೈವರ್ ಇದನ್ನೆಲ್ಲ ತಾಳಿಕೊಳ್ಳುತ್ತದೆ, ಸ್ಟೆಬಿಲೈಸರ್ ಬೇಡ. ‘220–240’ ಎಂದಷ್ಟೇ ಬರೆದದ್ದನ್ನು ಇಲ್ಲಿಗೆ ತರಬೇಡಿ. ನ್ಯೂಟ್ರಲ್ ಕಿತ್ತುಹೋದಾಗ ಮನೆಗಳಿಗೆ 400 ವೋಲ್ಟಿನ ಹತ್ತಿರ ನುಗ್ಗುವುದುಂಟು, ಅದನ್ನು ಯಾವ ಡ್ರೈವರೂ ತಾಳದು. ವೋಲ್ಟ್ ಮೀರಿದರೆ ಲೈನ್ ಕಡಿಯುವ ಒಂದು ಓವರ್ ವೋಲ್ಟೇಜ್ ಪ್ರೊಟೆಕ್ಟರನ್ನೂ ಸಿಡಿಲಿಗೆ ಒಂದು ಸರ್ಜ್ ಪ್ರೊಟೆಕ್ಟರನ್ನೂ ಮೀಟರ್ ಬೋರ್ಡಿನ ಹತ್ತಿರ ಹಾಕಿಸಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಒದ್ದೆ ಕೋಣೆಯ ಕೆಲಸ ಶುರು ಮಾಡಲೇಬೇಡಿ. ಡ್ರೈವರಿನ ಹಸಿರು ವೈರು, ಬೋರ್ಡಿನ ಅಲ್ಯೂಮಿನಿಯಂ ಚೌಕಟ್ಟು, ರ‍್ಯಾಕಿನ ಕಬ್ಬಿಣ ಮೂರೂ ಅರ್ತಿಂಗಿಗೆ ಸೇರಬೇಕು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ.

ಇಂಥ ಡ್ರೈವರುಗಳು ಸ್ವಿಚ್ ಹಾಕಿದ ಕ್ಷಣ ದೊಡ್ಡ ಗುಟುಕೊಂದನ್ನು ಎಳೆಯುತ್ತವೆ. ನಾಲ್ಕೈದು ಡ್ರೈವರ್ ಒಂದೇ ಎಂಸಿಬಿ ಮೇಲಿದ್ದರೆ ಕಾರಣವಿಲ್ಲದೆ ಟ್ರಿಪ್ ಆಗುತ್ತದೆ. ಸಿ ಕರ್ವ್ ಎಂಸಿಬಿ ಹಾಕಿ, ಡ್ರೈವರುಗಳನ್ನು ಎರಡು ಮೂರು ಲೈನಿಗೆ ಹಂಚಿ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಇವನ್ನು ಕೊಡಬೇಡಿ, ಗುಂಯ್‌ಗುಟ್ಟಿ ಬಿಸಿಯಾಗುತ್ತವೆ. ಕರೆಂಟ್ ಹೋಗಿ ಎರಡು ಮೂರು ಗಂಟೆ ಬೆಳಕಿಲ್ಲದಿದ್ದರೆ ಸಸಿಗೇನೂ ನಷ್ಟವಿಲ್ಲ, ಆಮೇಲೆ ಅಷ್ಟು ಹೊತ್ತು ಹೆಚ್ಚು ಉರಿಸಿದರಾಯಿತು. ಆದರೆ ‘ಹೆಚ್ಚು ಬೆಳಕು ಹೆಚ್ಚು ಬೆಳೆ’ ಎಂದು ಟೊಮೆಟೊ ಸಸಿಗೆ 24 ಗಂಟೆಯೂ ದೀಪ ಹಾಕಬಾರದು. ಎಡೆಬಿಡದ ಬೆಳಕು ಟೊಮೆಟೊಗೆ ಒಗ್ಗುವುದಿಲ್ಲ, ನರಗಳ ನಡುವೆ ಎಲೆ ಹಳದಿಯಾಗಿ ಕೆಡುತ್ತದೆ. ದಿನಕ್ಕೆ 16 ಗಂಟೆಗೆ ಟೈಮರ್ ಇಟ್ಟರೆ ಸಾಕು.

ಖರ್ಚು ನೋಡೋಣ. ಡ್ರೈವರ್ ತಾನೂ ಶೇಕಡಾ ಆರೇಳು ತಿನ್ನುವುದರಿಂದ 208 ವ್ಯಾಟಿಗೆ ಮೀಟರ್ ಓಡುವುದು ಸುಮಾರು 224 ವ್ಯಾಟ್. ಹದಿನಾರು ಗಂಟೆಗೆ ಮೂರೂವರೆ ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ ದಿನಕ್ಕೆ 25 ರೂಪಾಯಿ. ಅಷ್ಟು ಬೆಳಕಿನಲ್ಲಿ ಒಮ್ಮೆಗೆ 1568 ಸಸಿ ಕೂತಿರುತ್ತವೆ.

ಅಂಗಡಿಯಲ್ಲಿ, ಕೋಣೆಯಲ್ಲಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲ ಬಗೆಯ ಡ್ರೈವರೂ ಸಿಗುತ್ತದೆ, ನಕಲಿಯೂ ಸಿಗುತ್ತದೆ. ಎಲ್‌ಇಡಿ ಡ್ರೈವರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಮಾನಕ ಐಎಸ್ 15885ರ ಜೊತೆ ‘ಆರ್’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಮೈಮೇಲೆ ಇರಬೇಕು. ಕೈಯಲ್ಲಿ ಎತ್ತಿ ನೋಡಿ: ಒಳಗೆ ರಾಳ ತುಂಬಿದ 240 ವ್ಯಾಟಿನ ಅಸಲಿ ಡ್ರೈವರ್ ಒಂದು ಕಿಲೋಗೂ ಹೆಚ್ಚು ತೂಗುತ್ತದೆ. ಬಿಲ್ ಇಲ್ಲದೆ ತರಬೇಡಿ. ‘ಎಷ್ಟು ವ್ಯಾಟ್ ಬೇಕಣ್ಣ?’ ಎಂದು ಅಂಗಡಿಯವರು ಕೇಳಿದರೆ ಬೋರ್ಡಿನ ಹಾಳೆಯನ್ನೇ ಮುಂದಿಟ್ಟು, ‘4.2 ಆಂಪಿಯರ್, 50 ವೋಲ್ಟ್, ಮೇಲೆ ನಾಲ್ಕು ವೋಲ್ಟ್ ಜಾಗ ಇರಬೇಕು, ಮಂಕು ಮಾಡುವಂತಿರಬೇಕು’ ಎಂದು ಹೇಳಿ.

ಜೋಡಿಸುವಾಗ ಕ್ರಮ ತಪ್ಪಬಾರದು. ಮೊದಲು ಬೋರ್ಡುಗಳ ಪ್ಲಸ್ ಮೈನಸ್ ನೋಡಿ ಡ್ರೈವರಿನ ಹೊರವೈರಿಗೆ ಬಿಗಿಯಾಗಿ ಕಟ್ಟಿ, ಎಲ್ಲ ಮುಗಿದ ಮೇಲೆಯೇ ಮೈನ್ ಸ್ವಿಚ್ ಹಾಕಿ. ಹೊರೆಯಿಲ್ಲದೆ ಓಡುತ್ತಿರುವ ಡ್ರೈವರ್ ತನ್ನ ಗರಿಷ್ಠ ವೋಲ್ಟಿಗೆ ಏರಿ ಕಾದಿರುತ್ತದೆ. ಆ ಹೊತ್ತಿನಲ್ಲಿ ಬೋರ್ಡ್ ಸಿಕ್ಕಿಸಿದರೆ ತುಂಬಿಟ್ಟುಕೊಂಡದ್ದನ್ನೆಲ್ಲ ಒಮ್ಮೆಗೆ ಸುರಿದುಬಿಡುತ್ತದೆ, ಚುಕ್ಕಿಗಳು ಕಣ್ಮುಂದೆಯೇ ಕಪ್ಪಾಗುತ್ತವೆ. ಮೊದಲ ಸಲ ಹಚ್ಚುವಾಗ ಮಂಕಿನ ಗುಂಡಿಯನ್ನು ತೀರ ಕೆಳಗಿಟ್ಟು ಶುರು ಮಾಡಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೊಂದು ಬೋರ್ಡಿನ ವೈರಿಗೂ ಹಿಡಿದು ನೋಡುತ್ತ ಮೆಲ್ಲಗೆ ಏರಿಸಿ. ನಾಲ್ಕರಲ್ಲೂ 1.05ರ ಆಸುಪಾಸು ಬರಬೇಕು. ಒಂದರಲ್ಲಿ 0.8, ಇನ್ನೊಂದರಲ್ಲಿ 1.3 ತೋರಿಸಿದರೆ ಕನೆಕ್ಟರ್ ಸಡಿಲವಾಗಿದೆ ಎಂದೋ, ಬೋರ್ಡ್ ಬೇರೆ ಮಾದರಿಯದೆಂದೋ ಅರ್ಥ.

ಬೆಳಕಿನ ಅಳತೆಗೆ ದುಬಾರಿ ಮೀಟರ್ ಬೇಕಿಲ್ಲ. ಮೊಬೈಲಿನ ಲಕ್ಸ್ ಆ್ಯಪ್ ತೆರೆದು, ಫೋನನ್ನು ಟ್ರೇ ಮಟ್ಟದಲ್ಲಿ ಮೇಲ್ಮುಖವಾಗಿ ಇಡಿ. ಬಿಳಿ ಎಲ್‌ಇಡಿಗೆ ಬಂದ ಸಂಖ್ಯೆಯನ್ನು 67ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಮೈಕ್ರೋಮೋಲ್ ಸಿಗುತ್ತದೆ. 10,000 ಲಕ್ಸ್ ಎಂದರೆ ಸುಮಾರು 150. ಟ್ರೇಯ ನಡುವೆ, ನಾಲ್ಕು ಮೂಲೆಗಳಲ್ಲಿ ಅಳೆದು, ಮೂಲೆಯಲ್ಲಿ ತೀರ ಕಡಿಮೆ ಬಂದರೆ ಬೋರ್ಡನ್ನು ನಾಲ್ಕು ಬೆರಳು ಮೇಲಕ್ಕೆತ್ತಿ, ಕರೆಂಟ್ ಒಂದಿಷ್ಟು ಹೆಚ್ಚಿಸಿ. ಒಂದು ಗಂಟೆ ಉರಿದ ಮೇಲೆ ಸ್ವಿಚ್ ಆರಿಸಿ ಬೋರ್ಡಿನ ಬೆನ್ನು ಮುಟ್ಟಿ ನೋಡಿ. ಕೈ ಇಟ್ಟು ನಿಧಾನಕ್ಕೆ ಹತ್ತು ಎಣಿಸುವಷ್ಟು ಹೊತ್ತು ತಾಳಿದರೆ ಸರಿ. ತಾಳದಿದ್ದರೆ ಕರೆಂಟ್ ಇಳಿಸಬೇಕು, ಇಲ್ಲವೇ ಬೆನ್ನಿಗೆ ಗಾಳಿ ಬರುವಂತೆ ಒಂದು ಸಣ್ಣ ಫ್ಯಾನ್ ಇಡಬೇಕು. ಕನೆಕ್ಟರುಗಳಲ್ಲಿ ಹಸಿರು ಕಿಲುಬು ಬಂದಿದೆಯೇ ಎಂದು ಪ್ರತಿ ಬ್ಯಾಚು ಸಸಿ ಖಾಲಿಯಾದಾಗ ಕೋಣೆ ತೊಳೆಯುವ ಮುಂಚೆ, ಮೈನ್ ಆರಿಸಿ, ಒಂದು ಸುತ್ತು ನೋಡಿಬಿಡಿ.